ಕ್ಲಬ್ಬಿನ ನೋಟಿಸಿನ್ಯಾಗಿನ ಹನ್ನೊಂದನೇ ಕಲಮು

ಏಪ್ರಿಲ್ ಬಂತಂದ್ರ ಧಾರವಾಡದ ಮನಿಗೆ ಕೀಲಿ ಹಾಕಿ ಬೆಂಗಳೂರಿಗೆ ಹೊಂಡೂದು ನನಗ ಈಗ ಆರು ವರ್ಷದ ರೂಢಿ. ಮೊಮ್ಮಕ್ಕಳಿಗೆ ಸೂಟಿ, ಮಗಾ-ಸೊಸಿಗೆ ಆಫೀಸು, ನಡುವ ನಾನು. ನಿಮ್ಮೊಳಗೂ ಭಾಳ ಮಂದೀದು ಇದ ಕಥಿ ಅಂತ ಗೊತ್ತದ. ಹೋದ ಸಲ ಸಂಡಿಗಿ ಬಗ್ಗೆ ಬರದಾಗ ಎಷ್ಟು ಮಂದಿ "ನಾವೂ ಮಗಳ ಮನ್ಯಾಗ ಇದ್ದೀವಿ, ಇಲ್ಲಿ ಮಾಳಿಗಿ ಮ್ಯಾಲೆ ಒಣಾ ಹಾಕ್ಲಿಕ್ಕೆ ಬಿಡೂದಿಲ್ಲ" ಅಂದ್ರಿ! ಇವತ್ತು ಸಂಡಿಗಿ ಮಾತಲ್ಲ, ನೀರಿನ ಮಾತು. ಸ್ವಲ್ಪ ಕೂತು ಓದ್ರಿ.

ಮಗನ ಮನಿ ಇರೋದು ಊರ ಹೊರಗಿನ ಒಂದು ಲೇಔಟಿನ್ಯಾಗ. ಸುತ್ತ ಎತ್ತರದ ಕಂಪೌಂಡು, ಒಳಗ ಸಾಲು ಸಾಲು ಮನಿ, ನಟ್ಟ ನಡುವ ಕ್ಲಬ್ಬು. ಮನಿ ತಗೊಂಡವರೆಲ್ಲಾ ಅದರ ಮೆಂಬರು; ಬ್ಯಾಡ ಅಂದ್ರೂ ಮೆಂಬರು, ಯಾಕಂದ್ರ ತಿಂಗಳಾ ದುಡ್ಡು ಅಂತೂ ಕಟ್ಟಬೇಕು. ಪ್ಯಾಟಿ ಬಿಟ್ಟು ಹೊರಗ ಹೋಗಿ ಹಸಿರಿನ್ಯಾಗ ಆಡೋ ಇಂಥಾ ಕ್ಲಬ್ಬಿನ ಚಾಳಿ ಅಮೆರಿಕಾದವರದು. ಅಲ್ಲೆ ಮ್ಯಾಸಚೂಸೆಟ್ಸಿನ ಬ್ರೂಕ್‌ಲೈನ್ ಅನ್ನೋ ಊರಾಗ 1882ರಾಗ ಶುರು ಆದ ಕ್ಲಬ್ಬಿಗೆ ಬ್ಯಾರೆ ಹೆಸರ ಇಲ್ಲ, 'ದಿ ಕಂಟ್ರಿ ಕ್ಲಬ್' ಅನ್ನೂದ ಅದರ ಹೆಸರು. ನಮ್ಮದು ಅಷ್ಟು ದೊಡ್ಡ ಪೈಕಿ ಅಲ್ಲ ಬಿಡ್ರಿ. ಗಾಲ್ಫ್ ಇಲ್ಲ, ಕುದುರಿ ಇಲ್ಲ. ಬ್ಯಾಡ್ಮಿಂಟನ್ನು, ಒಂದು ಹಾಲು, ಒಂದು ಕ್ಯಾಂಟೀನು, ಒಂದು ಈಜುಕೊಳ. ಕೊಳದ ಈ ಕಡಿ ಮೂರು ಫೂಟು, ಆ ಕಡಿ ಐದು ಫೂಟು, ನಡುವ ಇಳಿಜಾರು.

ಬ್ಯಾಸಗಿ ನೋಟಿಸು ಮಾರ್ಚ್ ಕಡೀ ವಾರದಾಗ ಬರ್ತದ. ಎರಡು ಹಾಳಿ. ಮೊದಲನೇದು ಬಣ್ಣಬಣ್ಣದ್ದು: ಈಜು ಕಲಿಸೂದು, ಚೆಸ್ಸು, ಅಕ್ಷರ ಛಂದ ಬರಿಯೂದು, ಮಾವಿನಹಣ್ಣಿನ ದಿನ, ರವಿವಾರ ಸಂಜಿಮುಂದ ತಂಬೋಲಾ, ಹೆಣ್ಣುಮಕ್ಕಳಿಗೆ ಜುಂಬಾ. ಎರಡನೇ ಹಾಳಿ ಕರೀದು, 'ಮೆಂಬರುಗಳಿಗೆ ನೆನಪೋಲಿ' ಅಂತ ಹದಿನಾಲ್ಕು ಕಲಮು. ಬಾಕಿ ತೀರಿಸ್ರಿ, ಪಾಹುಣ್ಯಾರ ಕೂಪನ್ನು ತಗೋರಿ, ಗಾಡಿ ಗೆರಿ ಒಳಗ ನಿಲ್ಲಿಸ್ರಿ, ನಾಯಿ ತರಬ್ಯಾಡ್ರಿ, ಹೊರಗಿನ ತಿಂಡಿ ತರಬ್ಯಾಡ್ರಿ. ಬಾಕಿ ನೆನಪಿಸೂದು ಕ್ಲಬ್ಬುಗೋಳಿಗೆ ಹುಟ್ಟುಗುಣ. ಬೆಂಗಳೂರು ಕ್ಲಬ್ಬಿನ 1899ರ ಕಡತದಾಗ ಬಾಕಿ ಉಳಿಸಿಕೊಂಡವರ ಪಟ್ಟಿ ಒಳಗ ವಿನ್‌ಸ್ಟನ್ ಚರ್ಚಿಲ್ ಹೆಸರು ಅದ, 13 ರೂಪಾಯಿ. ಮುಂದ ಇಂಗ್ಲೆಂಡಿನ ಪ್ರಧಾನಮಂತ್ರಿ ಆದ ಅದ ಚರ್ಚಿಲ್. ಅಂಥಾವನನ್ನ ಬಿಟ್ಟಿಲ್ಲ, ನಮ್ಮನ್ನ ಬಿಡ್ತಾರೇನು!

ನಾ ಈ ನೋಟಿಸಿನ ಬಗ್ಗೆ ನಗಚಾಟಕಿ ಮಾಡ್ಲಿಕ್ಕೆ ಕೂತಿಲ್ಲ. ಕೆಲವು ಕಲಮು ಖರೇನ ಛಲೊ ಅವ, ಆದ್ರ ಕಾರಣ ಬರಿಯೂದಿಲ್ಲ, ಅದಕ್ಕ ಯಾರೂ ಕೇಳೂದಿಲ್ಲ. 'ಕೊಳಕ್ಕ ಇಳಿಯೂಕಿಂತ ಮೊದಲ ಸ್ನಾನ ಕಡ್ಡಾಯ' ಅಂತದ. ನಮ್ಮ ಎದುರುಮನಿ ಕಾಕು "ಮುಂಜಾನೆ ಎದ್ದ ಕೂಡಲೆ ಎರಕೊಂಡು ಪೂಜಾ ಮುಗಿಸಿ ಬಂದೀನಿ, ಮತ್ಯಾಕ?" ಅಂತ ಜಗಳಾನ ತಗದ್ರು. ಕೊಳದ ಹುಡುಗ ಸುಮ್ನ ಬೋರ್ಡ್ ತೋರಿಸಿದ. ಕಾರಣ ನನ್ನ ಸೊಸಿ ಹೇಳಿದ್ಲು. ಕೊಳದ ಕಡೆ ಹೋದ್ರ ಮೂಗಿಗೆ ಬಡಿಯೂ ಆ ವಾಸನಿ ನಾವು ತಿಳಕೊಂಡಂಗ ಕ್ಲೋರಿನ್ನಿಂದಲ್ಲ. ಮೈ ಬೆವರು, ಹುಡುಗೂರ ಉಚ್ಚಿ, ಇವೆಲ್ಲಾ ಕ್ಲೋರಿನ್ ಜೋಡಿ ಕೂಡಿದ್ರ ಹುಟ್ಟೋ ಇನ್ನೊಂದು ಪದಾರ್ಥದ್ದು. ಕಣ್ಣು ಉರಿಯೂದೂ ಅದರಿಂದನ. ಅಂದ್ರ ವಾಸನಿ ಜೋರಿದ್ದಷ್ಟು ನೀರು ಸ್ವಚ್ಛ ಅಲ್ಲ, ತಿರುಗಾಮುರುಗಾ. ಇದನ್ನ ಕೇಳಿದ ಮ್ಯಾಲೆ ಕಾಕು ತಾವ ಹೋಗಿ ನಲ್ಲಿ ಕೆಳಗ ನಿಂತ್ರು, ಉಳಿದವರನ್ನೂ ನಿಲ್ಲಿಸಿದ್ರು. ತಲಿಗೆ ಎಣ್ಣಿ ಹಚಗೊಂಡು ಇಳೀಬಾರದು, ಕಾಟನ್ ಬಟ್ಟಿ ಬ್ಯಾಡ ಅನ್ನೂದಕ್ಕೂ ಕಾರಣ ಅದ: ಎಣ್ಣಿ ನೀರ ಮ್ಯಾಲೆ ಕೂಡ್ತದ, ಕಾಟನ್ನಿನ ಎಳಿ ಹೋಗಿ ಫಿಲ್ಟರಿಗೆ ಸಿಗಬೀಳ್ತಾವ, ಮತ್ತ ತೊಯ್ದ ಬಟ್ಟಿ ಭಾರ ಆಗಿ ಮೈಯನ್ನ ಕೆಳಗ ಎಳೀತದ. ಒಂದೊಂದು ಸಾಲು ಕಾರಣ ಬರದ್ರ ಹಾಳಿ ಎಷ್ಟು ಹೆಚ್ಚಾಗ್ತಿತ್ತು?

ಈಗ ಹನ್ನೊಂದನೇ ಕಲಮಿಗೆ ಬರ್ತೀನಿ. 'ಹನ್ನೆರಡು ವರ್ಷದೊಳಗಿನ ಮಕ್ಕಳು ಕೊಳದಲ್ಲಿರುವಾಗ ದೊಡ್ಡವರೊಬ್ಬರು ಜೊತೆಗಿರಬೇಕು.' ಇಷ್ಟ. ಬ್ಯಾರೆ ಏನೂ ಇಲ್ಲ.

ಹೋದ ವರ್ಷ ಮೇ ತಿಂಗಳಾಗ ಆ 'ದೊಡ್ಡವರೊಬ್ಬರು' ನಾನ ಇದ್ದೆ. ಸಣ್ಣ ಮೊಮ್ಮಗಗ ಐದು ವರ್ಷ. ತೋಳಿಗೆ ಗಾಳಿ ತುಂಬಿದ ಪಟ್ಟಿ ಹಾಕಿ, ಮೂರು ಫೂಟಿನ ಕಡೆ ಬಿಟ್ಟು, ನಾ ಛತ್ರಿ ಕೆಳಗಿನ ಕುರ್ಚಿ ಮ್ಯಾಲೆ ಕೂತೆ. ನನ್ನಂಗ ಇನ್ನೂ ನಾಕು ಮಂದಿ ಅಜ್ಜಿಯರು ಕೂತಿದ್ರು. ಎಲ್ಲಾರೂ ಸೀರಿ ಉಟ್ಟವರು, ಎಲ್ಲಾರ ಕೈಯಾಗ ಫೋನು, ಒಬ್ಬರಿಗೂ ಈಸ್ಲಿಕ್ಕೆ ಬರೂದಿಲ್ಲ. ರಜಿಸ್ಟರಿನ್ಯಾಗ 'ಪಾಲಕರು' ಅಂತ ಸಹಿ ಮಾಡಿದ್ವಿ. ಕಲಮು ಪೂರ್ತಿ ಪಾಲಿಸಿದಂಗ ಆತು.

ತಂಬೋಲಾಕ್ಕ ಹೆಸರು ಕೊಡ್ರಿ ಅಂತ ಮೆಸೇಜು ಬಂದಿತ್ತು. ಅದಕ್ಕ ಉತ್ತರಾ ಹೊಡಿಲಿಕ್ಕೆ ಹತ್ತಿದ್ದೆ. ಚಸ್ಮಾ ಇಲ್ಲದ ಅಕ್ಷರ ಹುಡುಕಬೇಕಲ್ಲ, ಒಂದು ನಿಮಿಷ ಹಿಡೀತೇನೋ. ತಲಿ ಎತ್ತಿ ನೋಡಿದ್ರ ಹುಡುಗ ಇಳಿಜಾರಿನ ಕಡೆ ಅದಾನ. ಒಂದು ತೋಳಿನ ಪಟ್ಟಿ ಕಳಚಿ ಮ್ಯಾಲೆ ತೇಲ್ಲಿಕ್ಕೆ ಹತ್ತೇದ. ಅಂವ ನೆಟ್ಟಗ ನಿಂತಂಗ ಕಾಣಸ್ತಿದ್ದ. ತಲಿ ಹಿಂದಕ್ಕ ಬಾಗಿತ್ತು, ಬಾಯಿ ನೀರಿನ ಮಟ್ಟಕ್ಕ ಬರ್ತಿತ್ತು, ಹೋಗ್ತಿತ್ತು. ಒದರ್ಲಿಲ್ಲ. ಕೈ ಬೀಸಲಿಲ್ಲ. ನನಗ ಅಂವ ಆಟಾ ಆಡ್ಲಿಕ್ಕೆ ಹತ್ಯಾನ ಅಂತನ ಅನಿಸ್ತು. ಖರೆ ಹೇಳ್ತೀನಿ, ನಾ ನಕ್ಕೆ ಸುದ್ದಾ.

ಪಕ್ಕದ ಮನಿ ಹದಿಮೂರು ವರ್ಷದ ಹುಡುಗಿ ಅಲ್ಲೇ ಈಸ್ತಿದ್ಲು. ಆಕಿಗೆ ತಿಳೀತು. ಎರಡು ಕೈ ಹಾಕಿ ಬಂದು ಹಿಂದಿನಿಂದ ಹಿಡದು ದಂಡಿಗೆ ನೂಕಿದ್ಲು. ನಾವು ಎಳಕೊಂಡ್ವಿ. ನೀರು ಕಾರಿದ, ಕೆಮ್ಮಿದ, ಆಮ್ಯಾಲೆ ಅತ್ತ. ಆ ಅಳು ಕೇಳಿದಾಗ ನನ್ನ ಕಾಲಾಗ ಜೀವ ಬಂತು. ಜೀವ ಕಾಯೂ ಹುಡುಗ ಎಲ್ಲಿದ್ದ ಅಂತೀರಿ? ಇದ್ದ, ಬಾಗಿಲದಾಗ. ಪಾಹುಣ್ಯಾರ ಕೂಪನ್ನು ಹರಿಯೂ ಕೆಲಸ ಅವಂಗ ಹಚ್ಚಿದ್ರು. ಅವನ ತಪ್ಪು ಅಂತ ನಾ ಅನ್ನೂದಿಲ್ಲ. ಆರನೇ ಕಲಮು ಕೂಪನ್ನಿಂದು, ಹನ್ನೊಂದನೇ ಕಲಮು ಜೀವದ್ದು; ಕಮಿಟಿಯವರು ಆರನೇದಕ್ಕ ಮನಶ್ಯಾನ್ನ ಇಟ್ಟಿದ್ರು.

ಒಬ್ಬ ಅಜ್ಜಿ ಹುಡುಗನ್ನ ಕಾಲು ಹಿಡದು ತಲಿಕೆಳಗ ಮಾಡ್ಲಿಕ್ಕೆ ಹೋಗಿದ್ರು, ಇನ್ನೊಬ್ಬರು ಹೊಟ್ಟಿ ಒತ್ತರಿ ಅಂದ್ರು. ನಮ್ಮ ಕಾಲದಾಗ ಕೇಳಿದ್ದು ಅದ ಅಲ್ಲ? ಸಂಜಿಮುಂದ ಮಕ್ಕಳ ಡಾಕ್ಟರ್ ಹೇಳಿದ್ರು, ಎರಡೂ ತಪ್ಪು. ಹೊಟ್ಟಿ ಒತ್ತಿದ್ರ ಹೊಟ್ಟ್ಯಾಗಿಂದು ಬಾಯಿಗೆ ಬಂದು ಶ್ವಾಸನಾಳಕ್ಕ ಹೋಗ್ತದ. ಹುಡುಗಗ ಎಚ್ಚರಿಲ್ಲ, ಉಸಿರಿಲ್ಲ ಅಂದ್ರ ಒಬ್ಬರು 108ಕ್ಕೋ 112ಕ್ಕೋ ಫೋನ್ ಮಾಡಬೇಕು, ಇನ್ನೊಬ್ಬರು ತಡಾ ಮಾಡದ ಬಾಯಿಂದ ಉಸಿರು ಕೊಡಲಿಕ್ಕೆ ಶುರು ಮಾಡಬೇಕು, ಮತ್ತ ಎದಿ ಒತ್ತಬೇಕು. ದೊಡ್ಡವರಿಗೆ ಎದಿ ಹೊಡಕೊಳ್ಳೂದು ನಿಂತಾಗ ಮಾಡೂದಕ್ಕಿಂತ ಇದು ಬ್ಯಾರೆ, ನೀರಾಗ ಮುಳುಗಿದವರಿಗೆ ಮೊದಲ ಕೊರತಿ ಗಾಳೀದು. 30 ಸಲ ಒತ್ತೂದು, 2 ಸಲ ಉಸಿರು, ಮತ್ತ 30. ಓದಿದ್ರ ಬರೂದಿಲ್ಲ, ಗೊಂಬಿ ಮ್ಯಾಲೆ ಒಮ್ಮೆ ಕೈಯಾರೆ ಮಾಡಬೇಕು. ಹುಡುಗ ಎದ್ದು ಆಡ್ಲಿಕ್ಕೆ ಹತ್ತಿದ್ರೂ, ನೀರು ಕುಡದಿದ್ರ ಡಾಕ್ಟರಿಗೆ ತೋರಿಸಬೇಕು. ಕೆಮ್ಮು, ದಮ್ಮು, ಭಾಳ ನಿದ್ದಿ ಬಂದ್ರ ಬಿಡಬಾರದು. ನಮ್ಮಾಂವನ್ನ ರಾತ್ರಿತನಾ ಅಲ್ಲೇ ಇಟಗೊಂಡು ನೋಡಿ ಕಳಿಸಿದ್ರು.

ಡಾಕ್ಟರು ಇನ್ನೊಂದು ಹೇಳಿದ್ರು. ಮುಳುಗೋ ಹುಡುಗ ಸಿನಿಮಾದಾಗಿನಂಗ ಒದರೂದಿಲ್ಲ, ಯಾಕಂದ್ರ ಒದರ್ಲಿಕ್ಕೆ ಉಸಿರು ಬೇಕು. ಕೈ ಮ್ಯಾಲೆತ್ತಿ ಬೀಸೂದಿಲ್ಲ, ಯಾಕಂದ್ರ ಕೈ ನೀರನ್ನ ಕೆಳಗ ಒತ್ತೂದರಾಗ ಇರ್ತಾವ. ಒಂದು ನಿಮಿಷದೊಳಗ ಎಲ್ಲಾ ಮುಗೀತದ, ಸಪ್ಪಳಿಲ್ಲದ. ಇದನ್ನ ನನಗ ಅರವತ್ತೊಂದು ವರ್ಷದತನಾ ಯಾರೂ ಹೇಳಿರಲಿಲ್ಲ. ಸಪ್ಪಳ ಆದ್ರ ನೋಡೋಣ ಅಂತ ಫೋನು ಹಿಡದು ಕೂಡ್ತೀವಲ್ಲ, ಸಪ್ಪಳ ಆಗೂದ ಇಲ್ಲ. ಮತ್ತ ಆ ತೋಳಿನ ಪಟ್ಟಿ ಆಟದ ಸಾಮಾನು, ಜೀವರಕ್ಷಕ ಅಲ್ಲ. ಅದನ್ನ ನಂಬಿ ನಾ ಕಣ್ಣು ತಗದಿದ್ದೆ.

ಸೊಸಿಗೆ ಫೋನ್ ಮಾಡಿ ಹೇಳೂದು ಹೆಂಗ? ಆಟೋದಾಗ ಕೂತು ಮೂರು ಸಲ ನಂಬರು ಒತ್ತಿ ತಗದೆ. ಕಡೀಕ ಹೇಳಿದೆ. ಆಕಿ ದವಾಖಾನಿಗೆ ಓಡಿ ಬಂದ್ಲು, ಹುಡುಗನ್ನ ಎತಗೊಂಡ್ಲು, ನನಗ ಒಂದು ಮಾತು ಅನ್ನಲಿಲ್ಲ. ಅಂದಿದ್ರ ಛಲೊ ಇತ್ತು. ಎಂಟು ದಿನಾ ನಾ ಊಟಕ್ಕ ಕೂತ್ರ ಗಂಟಲಾಗ ತುತ್ತು ಇಳೀಲಿಲ್ಲ. ಆಮ್ಯಾಲೆ ಆಕೀನ ಅಂದ್ಲು, "ಅತ್ತಿ, ನಿಮಗೆ ಈಸು ಬರೂದಿಲ್ಲಂತ ನನಗ ಗೊತ್ತಿತ್ತು. ಗೊತ್ತಿದ್ದೂ ನಿಮ್ಮನ್ನ ಕಳಿಸ್ತಿದ್ದೆ. ನನಗೂ ಬರೂದಿಲ್ಲ."

ಅಲ್ಲಿಂದ ನನ್ನ ತಲಿ ಹಿಂದಕ್ಕ ಓಡ್ತು. ನಮ್ಮ ತೌರುಮನಿ ಹೊಲದಾಗ ದೊಡ್ಡ ಬಾಂವಿ ಇತ್ತು. ಬ್ಯಾಸಗಿ ಸೂಟ್ಯಾಗ ಅಣ್ಣತಮ್ಮಂದಿರು ಬೆನ್ನಿಗೆ ಡಬ್ಬಿ ಕಟಗೊಂಡು ಮ್ಯಾಲಿಂದ ಧುಮುಕ್ತಿದ್ರು. ಕಾಕಾ ನೀರಾಗ ನಿಂತು ಕಲಸ್ತಿದ್ರು. ಒಂದು ವಾರದಾಗ ಡಬ್ಬಿ ಬಿಚ್ಚಿ ಒಗೀತಿದ್ರು. ನಾವು ನಾಕು ಮಂದಿ ಹುಡುಗ್ಯಾರು ಪಾವಟಿಗಿ ಮ್ಯಾಲೆ ಕೂತು ಅವರ ಅರಿವಿ ಕಾಯ್ತಿದ್ವಿ. ನಮಗೂ ಕಲಸ್ರಿ ಅಂದ್ರ ಅವ್ವ "ನಿನಗ್ಯಾಕ, ಹೊಳಿ ದಾಟಿ ಹೋಗೂದದ ಏನು?" ಅಂತಿದ್ಲು. ಕೊಡಾ ತುಂಬೂದು ನಮ್ಮ ಕೆಲಸ, ಬಾಂವಿಗೆ ಬಗ್ಗೂದು ನಮ್ಮ ಕೆಲಸ, ಕೆರಿ ದಂಡ್ಯಾಗ ಅರಿವಿ ಒಗಿಯೂದು ನಮ್ಮ ಕೆಲಸ, ಸಣ್ಣ ಹುಡುಗೂರನ್ನ ನೋಡಕೊಳ್ಳೂದೂ ನಮ್ಮ ಕೆಲಸ. ನೀರಿನ ಹತ್ತರ ದಿನಾ ಇರೋರು ನಾವು, ಈಸು ಕಲತವರು ಅವರು. ಅದ ಲೆಕ್ಕ ಕ್ಲಬ್ಬಿನ ತನಾ ಬಂದದ ನೋಡ್ರಿ, ಪಾವಟಿಗಿ ಹೋಗಿ ಪ್ಲಾಸ್ಟಿಕ್ ಕುರ್ಚಿ ಆಗೇದ.

ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದ ಪ್ರಕಾರ 2021ರಾಗ ಜಗತ್ತಿನ್ಯಾಗ ಸುಮಾರು 3 ಲಕ್ಷ ಮಂದಿ ನೀರಾಗ ಮುಳುಗಿ ಸತ್ತಾರ, ಹತ್ತಿರ ಹತ್ತಿರ ಕಾಲು ಪಾಲು 5 ವರ್ಷದೊಳಗಿನ ಹುಡುಗೂರು. ನಮ್ಮ ದೇಶದಾಗ ವರ್ಷಕ್ಕ 30 ಸಾವಿರಕ್ಕೂ ಮ್ಯಾಲೆ. ಅವರೊಳಗ ಭಾಳ ಮಂದಿ ಹೋಗೂದು ಕೆರಿ, ಬಾಂವಿ, ಹೊಳಿಯೊಳಗ, ಕ್ಲಬ್ಬಿನ್ಯಾಗಲ್ಲ, ಅದು ಖರೆ. ಆದ್ರ ಕಲೀಲಿಕ್ಕೆ ಸ್ವಚ್ಛ ನೀರು, ಕಲಸ್ಲಿಕ್ಕೆ ಮನಶ್ಯಾ, ಆಳದ ಗುರುತು, ಇಷ್ಟೆಲ್ಲಾ ಇದ್ದೂ ನಾವು ಕಲೀಲಿಲ್ಲಂದ್ರ ಹೊಳಿ ದಂಡಿಯವರು ಎಲ್ಲಿ ಕಲೀಬೇಕು?

2020ರಾಗ ತಮಿಳುನಾಡಿನ ಪೆರಂಬಲೂರು ಜಿಲ್ಲಾದಾಗ ಕೊಟ್ಟರೈ ಅಣೆಕಟ್ಟಿನ ಹತ್ತರ ಅರಿವಿ ಒಗೀಲಿಕ್ಕೆ ಹೋದ ಮೂರು ಮಂದಿ ಹೆಣ್ಣುಮಕ್ಕಳು, ಮುಳುಗ್ತಿದ್ದ ಹುಡುಗೂರನ್ನ ನೋಡಿ ಉಟ್ಟ ಸೀರಿ ಬಿಚ್ಚಿ ನೀರಿಗೆ ಒಗದ್ರು. ಸೀರಿ ಹಿಡದು ಇಬ್ಬರು ಬದುಕಿದ್ರು, ಇಬ್ಬರು ಹೋದ್ರು. ಪೇಪರಿನ್ಯಾಗ ಓದಿದ್ದೆ ಆವಾಗ. ಈಗ ಅದು ದಿನಾ ನೆನಪಾಗ್ತದ. ಈಸು ಬರದಿದ್ರೂ ಮಾಡೂವಂಥಾದ್ದು ಒಂದಿರ್ತದ: ದಂಡಿಮ್ಯಾಲೆ ಮಲಕೊಂಡು ಕೋಲು ಚಾಚೂದು, ಹಗ್ಗಾ ಒಗಿಯೂದು, ಸೆರಗು ಒಗಿಯೂದು. ತಾನ ಧುಮುಕಿ ಜೀವ ಕಳಕೊಳ್ಳೂದಲ್ಲ. ನಮ್ಮ ಕ್ಲಬ್ಬಿನ್ಯಾಗ ಆವತ್ತು ಗೋಡಿಗೆ ಕೋಲು, ಹಗ್ಗಾ, ತೇಲೂ ಬಳಿ ಯಾವದೂ ಇರಲಿಲ್ಲ. 'ನೋ ಡೈವಿಂಗ್' ಅಂತ ಒಂದು ಬೋರ್ಡಿತ್ತು, ಅದೂ ಇಂಗ್ಲಿಷಿನ್ಯಾಗ.

ಕಮಿಟಿಗೆ ಪತ್ರಾ ಬರದೆ, ಎರಡು ಪುಟ. ಕೂಪನ್ ಹರಿಯೂ ಕೆಲಸಕ್ಕ ಬ್ಯಾರೆಯವರನ್ನ ಹಚ್ರಿ, ಕಾಯಾಂವ ನೀರಿನ ಮ್ಯಾಲಿಂದ ಕಣ್ಣು ತಗಿಯೂಹಂಗ ಇರಬಾರದು ಅಂತ. ಹಗ್ಗಾ, ಬಳಿ, ಉದ್ದ ಕೋಲು ತೂಗ ಹಾಕ್ರಿ ಅಂತ. ಹನ್ನೊಂದನೇ ಕಲಮನ್ನ ಮೊದಲನೇದು ಮಾಡಿ, 'ಜೊತೆಗಿರಬೇಕು' ಅನ್ನೂದನ್ನ ತಗದು, 'ಸಣ್ಣ ಮಕ್ಕಳ ಜೊತೆ ದೊಡ್ಡವರು ಕೈಗೆ ಸಿಗೋ ದೂರದಾಗ ನೀರಿನ್ಯಾಗ ಇರಬೇಕು, ಫೋನು ಚೀಲದಾಗ ಇರಬೇಕು' ಅಂತ ಕನ್ನಡದಾಗ ಬರೀರಿ ಅಂತ. ಆಯಾಗಳ ಬಗ್ಗೇನೂ ಬರದೆ. ಹದಿಮೂರನೇ ಕಲಮಿನ ಪ್ರಕಾರ ಅವರು ಕೊಳದ ಜಾಲರಿ ಆಚೆ ನಿಂತು ಹುಡುಗೂರನ್ನ ನೋಡಬೇಕು, ಒಳಗ ಬರೂಹಂಗಿಲ್ಲ, ಕುರ್ಚಿ ಮ್ಯಾಲೆ ಕೂಡೂಹಂಗಿಲ್ಲ. ಹುಡುಗನ್ನ ಅವರ ಕೈಯಾಗ ಕೊಡ್ತೀವಿ, ಹುಡುಗನ ಹತ್ತರ ಹೋಗಬ್ಯಾಡ ಅಂತೀವಿ. ಇದ್ಯಾವ ಶಾಣ್ಯಾತನ?

ಹಗ್ಗಾ, ಬಳಿ ಬಂದಾವ. ಅದಕ್ಕ ಥ್ಯಾಂಕ್ಸ್. ಉಳಿದದ್ದು 'ಪರಿಶೀಲಿಸುತ್ತೇವೆ'. ಈ ವರ್ಷದ ನೋಟಿಸು ನೋಡಿದೆ, ಹನ್ನೊಂದನೇ ಕಲಮು ಅದ ಜಾಗಾದಾಗ ಅದ, ಒಂದು ಅಕ್ಷರ ಬದಲಿಲ್ಲ. ಹೊಸಾದೊಂದು ಸೇರ್ಯದ: ಕೊಳದ ದಂಡ್ಯಾಗ ಗುಂಪಾಗಿ ಫೋಟೋ ತಗೀಬಾರದು.

ನಾ ಏನ ಮಾಡಿದೆ ಅಂದ್ರ, ಹೋದ ವರ್ಷ ಜೂನ್‌ತನಾ ಅಲ್ಲೇ ಉಳದು ಹೆಣ್ಣುಮಕ್ಕಳ ಬ್ಯಾಚಿಗೆ ಹೆಸರು ಹಚ್ಚಿದೆ. ಆ ಬ್ಯಾಚಿನ ಟೈಮು ಕೇಳ್ರಿ: ಮಧ್ಯಾಹ್ನ ಹನ್ನೊಂದೂವರಿಯಿಂದ ಹನ್ನೆರಡೂವರಿ. ಮುಂಜಾನೆ ಥಂಡ ಹೊತ್ತು ಗಂಡಸರಿಗೆ, ಸಂಜಿಮುಂದ ಹುಡುಗೂರಿಗೆ, ನಡುಬಿಸಲು ನಮಗ. ಅದೂ ಅಡಗಿ ಹೊತ್ತಿಗೆ! ಮನ್ಯಾಗ ಅನ್ನ-ಸಾರು ಹೊತ್ತು ಮುಂಚೆ ಇಟ್ಟು ಹೋದೆ. ಕಾಸ್ಟ್ಯೂಮು ಅಂದ ಕೂಡಲೆ ನಮ್ಮ ಮನಿಯವರು ಚಾ ಕಪ್ಪು ಕೆಳಗಿಟ್ಟು ನನ್ನ ಮಾರಿ ನೋಡಿದ್ರು. ಪೂರ್ತಿ ತೋಳಿಂದು, ಕಾಲು ಹಿಮ್ಮಡಿತನಾ ಇರೂದು ಸಿಗ್ತದ ರೀ, ನಮ್ಮ ಪಂಜಾಬಿ ಡ್ರೆಸ್ಸಿಗಿಂತ ಹೆಚ್ಚು ಮೈ ಮುಚ್ಚತದ. ನಾಚಿಕಿ ಎಲ್ಲಾ ಮೊದಲನೇ ದಿನದ್ದು. ನೀರಿಗೆ ಇಳದ ಮ್ಯಾಲೆ ಅಂಜಿಕಿನ ಅಷ್ಟು ಇರ್ತದ, ನಾಚಿಕಿಗೆ ಜಾಗಾನ ಇರೂದಿಲ್ಲ.

ಕಲಸೂ ಹುಡುಗಿ ಮೊದಲನೇ ವಾರ ಬರೇ ಗುಳ್ಳಿ ಬಿಡಸಿದ್ಲು. ಮೂಗು ನೀರಾಗ ಇಟ್ಟು ಉಸಿರು ಬಿಡೂದು, ತಲಿ ಎತ್ತಿ ತಗೊಳ್ಳೂದು. ಮೊಣಕಾಲು ನೋವಿದ್ದವರಿಗೆ ನೀರಾಗ ಹಗುರ ಆಗ್ತದ, ಅದೊಂದು ಲಾಭ. ಮೂರನೇ ವಾರ ಅಂಗಾತ ತೇಲೂದು. ಆಕಿ ಕೈ ಬೆನ್ನ ಕೆಳಗಿತ್ತು, ಯಾವಾಗ ತಗದ್ಲೋ ಗೊತ್ತಾಗಲಿಲ್ಲ. ಕಿವಿ ನೀರೊಳಗ, ಕಣ್ಣು ಆಕಾಶದಾಗ. ಬಾಂವಿ ಪಾವಟಿಗಿ ಮ್ಯಾಲೆ ಕೂತಿದ್ದ ಹತ್ತು ವರ್ಷದ ಹುಡುಗಿ ನೆನಪಾದ್ಲು. ಅಳು ಬಂತು, ನೀರಾಗ ಯಾರಿಗೂ ಕಾಣಸ್ಲಿಲ್ಲ.

ಈಗ ಕೊಳದ ಅಗಲ ಒಂದು ಸಲ ದಾಟ್ತೀನಿ, ದಮ್ಮು ಹತ್ತತದ. ಯಾರನ್ನೂ ಎತ್ತಿ ತರೂ ಶಕ್ತಿ ಬಂದಿಲ್ಲ, ಬರೂದೂ ಇಲ್ಲೇನೋ. ಆದ್ರ ಮೊಮ್ಮಗನ ಜೋಡಿ ಮೂರು ಫೂಟಿನ್ಯಾಗ ನಿಲ್ತೀನಿ, ಅಂವ ನನ್ನ ಕೈಗೆ ಸಿಗ್ತಾನ. ಕುರ್ಚಿ ಮ್ಯಾಲೆ ಟಾವೆಲ್ ಇರ್ತದ, ನಾ ಇರೂದಿಲ್ಲ. ಸೊಸೀನೂ ರವಿವಾರ ಕಲೀಲಿಕ್ಕೆ ಹತ್ಯಾಳ. ಎದುರುಮನಿ ಕಾಕು ಇನ್ನೂ ಗುಳ್ಳಿ ಬಿಡೂದರಾಗ ಅದಾರ, ದಿನಾ ಸ್ನಾನದ ಕಲಮು ಎಲ್ಲಾರಿಗೂ ಒಪ್ಪಿಸ್ತಾರ.

ಧಾರವಾಡ-ಹುಬ್ಬಳ್ಳಿ ಕಡೆ ಇದ್ದವರು ನಿಮ್ಮ ಹತ್ತರದ ಈಜುಕೊಳದಾಗ ಹೆಣ್ಣುಮಕ್ಕಳಿಗೆ ಯಾವ ಹೊತ್ತು ಇಟ್ಟಾರ ಅಂತ ಕೇಳಿ ನನಗ ತಿಳಸ್ರಿ. ನಡುಬಿಸಲಿನ್ಯಾಗ ಇಟ್ಟಿದ್ರ ಎಲ್ಲಾರೂ ಕೂಡಿ ಅರ್ಜಿ ಕೊಡೋಣ. ನಾ ಜೂನ್ ಎರಡನೇ ವಾರ ಊರಿಗೆ ಬರ್ತೀನಿ. ಕಾಸ್ಟ್ಯೂಮ್ ಅಳತಿ ಹೇಳಿದ್ರ ಇಲ್ಲಿಂದ ತರ್ತೀನಿ. ಕರೀದು, ನೀಲಿ ಎರಡ ಬಣ್ಣ ಅವ.